ಕಟ್ಟಿಗೆಯಿಂದ ಎಣ್ಣೆ ಇಳಿಸಿದ ಭಾವ

ನಮ್ಮ ಭಾವನಿಗೆ ಹುಬ್ಬುಗಳಿರಲಿಲ್ಲ. ರೆಪ್ಪೆಗೂದಲೂ ಅಷ್ಟಕ್ಕಷ್ಟೆ. ಒಲೆಯ ಬಾಯಿಗೆ ಮುಖವೊಡ್ಡಿ ಒಡ್ಡಿ ಎಲ್ಲ ಸುಟ್ಟುಹೋಗಿ, ಹಣೆ ತಾಮ್ರದ ತಪ್ಪಲೆಯ ಹಾಗೆ ಮಿರುಗುತ್ತಿತ್ತು. ಅಂಗೈ ಮಾತ್ರ ಕಪ್ಪು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಡಾಂಬರಿನ ಕಪ್ಪು.

ಅವರು ನನ್ನ ಗಂಡನ ಅಣ್ಣ. ಐವತ್ತರ ದಶಕದಲ್ಲಿ ನಾನು ಅಬ್ಬಿಗೆರೆಯ ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮಾವ ಇರಲಿಲ್ಲ. ಭಾವ ಮದುವೆಯಾಗಿರಲಿಲ್ಲ. ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡಬಾರದೆಂಬ ಹಳೆಯ ಕಟ್ಟುಪಾಡು ಅವರದು. ಹಸಿವಾದರೆ ಕೊಟ್ಟಿಗೆಯ ಎಮ್ಮೆಗೆ ಹೇಳುತ್ತಿದ್ದರು: "ಮುದ್ದೆ ಆಯ್ತೇನೋ ಕೇಳೇ." ನಾನೂ ಒಳಗಿನಿಂದ ಎಮ್ಮೆಗೇ ಉತ್ತರ ಕೊಡುತ್ತಿದ್ದೆ.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರಂತೆ. ಭಾವ ಅಂಥದೊಂದು ಬಸ್ಸಿನ ಕ್ಲೀನರ್ ಆಗಿದ್ದರು. ಅಲ್ಲಿಂದ ಹತ್ತಿದ ಹುಚ್ಚು. ಗಾಳಿಯಾಡದ ಹಾಗೆ ಮುಚ್ಚಿದ ಕಬ್ಬಿಣದ ಪೀಪಾಯಿಗೆ ಸೌದೆ ತುಂಬಿ ಕೆಳಗೆ ಬೆಂಕಿ ಹಾಕಿದರೆ, ಒಳಗಿನ ಸೌದೆ ಉರಿಯುವುದಿಲ್ಲ, ಬೇಯುತ್ತದೆ. ಆ ಹೊಗೆಯನ್ನು ಕೊಳವೆಯಲ್ಲಿ ಹಾಯಿಸಿ, ಮೇಲೆ ತಣ್ಣೀರು ಸುರಿಯುತ್ತಿದ್ದರೆ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ತಳದಲ್ಲಿ ಡಾಂಬರಿನಂಥ ಎಣ್ಣೆ, ಮೇಲೆ ಹುಳಿವಾಸನೆಯ ಕೆಂಪು ನೀರು. ಕೆಂಪು ನೀರನ್ನು ಮತ್ತೆ ಮತ್ತೆ ಕಾಯಿಸಿ ಇಳಿಸಿದರೆ ಕೊನೆಗೆ ತಿಳಿಯಾದ ಸ್ಪಿರಿಟ್ಟು. ಬಾವಿಯ ಪಂಪಿನ ಇಂಜಿನ್ನನ್ನು ಅದರಿಂದ ಓಡಿಸಬೇಕೆಂದು ಅವರಿಗೆ ಆಸೆ. "ಸೀಮೆಎಣ್ಣೆಗೆ ಅಂತ ಯಶವಂತಪುರಕ್ಕೆ ಯಾಕ್ ಓಗ್ಬೇಕು? ನಮ್ ಬದೀನ್ ಮೇಲೆ ಒಂಗೆ ಮರ ಇಲ್ವಾ?"

ಬಹಳ ಸಲ ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಒಂದು ದಿನ ಓಡಿತು. ನೀರು ಕಾಲುವೆಗೆ ಬಿದ್ದಾಗ ಭಾವ ಅದರೊಳಗೆ ಕೂತುಬಿಟ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಸ್ಪಿರಿಟ್ಟಿನ ಸೀಸೆಗಳನ್ನು ಕೊಟ್ಟಿಗೆಯ ಅಟ್ಟದ ಮೇಲಿಟ್ಟು ಬಂದವರಿಗೆಲ್ಲ ಹೇಳುತ್ತಿದ್ದರು: "ಇದು ಇಂಜಿನ್ ಕುಡಿಯೋದು ಕಣ್ರಪ್ಪ, ಮನುಸ್ರು ಕುಡಿಯೋದಲ್ಲ. ನಾಲ್ಗೆಗೂ ಸೋಕಿಸ್ಬೇಡಿ." ಆದರೆ ಅದು ನೋಡಲು ನೀರು, ಮೂಗಿಗೆ ಸಾರಾಯಿ.

ರಾಗಿ ಕಣದ ದಿನಗಳು. ಪಕ್ಕದ ಹೊಲದ ಮುದುಕಿಗೆ ಒಬ್ಬನೇ ಮಗ, ನಮ್ಮೆಜಮಾನರ ಜೀವದ ಗೆಳೆಯ. ದಿನವಿಡೀ ತೆನೆಯ ಮೇಲೆ ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆದು ದಣಿದ ಇಬ್ಬರೂ ಸಂಜೆ ಕಣದಲ್ಲೇ ಕೂತು ಕುಡಿದರು. ಅಟ್ಟದಿಂದ ಸೀಸೆ ಇಳಿಸಿಕೊಂಡು ಹೋದವರು ನಮ್ಮೆಜಮಾನರೇ.

ಮಾರನೆಯ ದಿನ ಬಿಸಿಲೇರಿದ ಮೇಲೆ ಎದ್ದು ಜಗುಲಿಗೆ ಬಂದವರು, "ಏನೇ, ಇವತ್ತು ಇಷ್ಟೊಂದ್ ಮಂಜ್ ಬಿದ್ದೈತೆ?" ಎಂದರು.

ಮಂಜು ಕರಗಿ ಬಹಳ ಹೊತ್ತಾಗಿತ್ತು. ಅಂಗಳದಲ್ಲಿದ್ದ ಭಾವ ಹತ್ತಿರ ಬಂದು ತಮ್ಮನ ಕಣ್ಣೆದುರು ಕೈಯಾಡಿಸಿದರು. ರೆಪ್ಪೆ ಮಿಟುಕಲಿಲ್ಲ. ಬಾಯಿ ಮೂಸಿ ನೋಡಿದರು. ಆಮೇಲೆ ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು: "ಎತ್ತು ಬಿಚ್ಚವ್ವ. ಗಾಡಿ ಕಟ್ಬೇಕು. ಬೇಗ."

ಗೆಳೆಯನನ್ನೂ ಹತ್ತಿಸಿಕೊಳ್ಳಲು ಗಾಡಿ ಹೋಗುವಷ್ಟರಲ್ಲಿ ಮುದುಕಿಯ ಗೋಳು ಕೇಳಿಸಿತು. ಅವನ ಪ್ರಾಣ ಹೋಗಿತ್ತು. ಪೇಟೆಯ ಆಸ್ಪತ್ರೆಯಲ್ಲಿ ನಮ್ಮೆಜಮಾನರ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಪೊಲೀಸರು ಮನೆಗೆ ಬಂದು, "ಸತ್ತೋನಿಗೆ ಕುಡಿಯೋಕೆ ಕೊಟ್ಟೋರ್ಯಾರು?" ಎಂದು ಕೇಳಿದಾಗ ಭಾವ ನನ್ನತ್ತ ತಿರುಗದೆ ಹೇಳಿದರು: "ನಾನೇ ಸ್ವಾಮಿ."

ಜೈಲಿನಿಂದ ಬಂದ ದಿನವೇ ಸುತ್ತಿಗೆ ತೆಗೆದುಕೊಂಡು ಪೀಪಾಯಿ, ಕೊಳವೆ ಎಲ್ಲ ಜಜ್ಜಿದರು. ಊರಿಗೆ ನಿಜ ಹೇಳುತ್ತೇನೆಂದು ನಮ್ಮೆಜಮಾನರು ಹಟ ಹಿಡಿದರು. ಭಾವ ಒಪ್ಪಲಿಲ್ಲ. "ನಿನ್ ಕಣ್ ಓಗೈತೆ. ಅಷ್ಟು ಸಾಕು ನಿಂಗೆ. ವಿಷ ಇಳ್ಸಿ ಬೀಗ ಹಾಕ್ದೆ ಇಟ್ಟೋನು ನಾನು. ಬಾಯ್ ಮುಚ್ಕೊಂಡಿರು."

ಆಮೇಲೆ ಪ್ರತಿ ಮುಂಗಾರಿಗೂ ನಮ್ಮ ಹೊಲಕ್ಕಿಂತ ಮೊದಲು ಮುದುಕಿಯ ಹೊಲ ಉತ್ತರು. ಆಕೆ ಬದುವಿನ ಮೇಲೆ ನಿಂತು ಹೆಂಟೆ ಎಸೆಯುತ್ತಿದ್ದಳು. "ನನ್ ಮಗನ್ನ ತಿಂದೋನೇ, ನಿನ್ ಕೈ ಸೇದೋಗ!" ಭಾವ ತಲೆಯೆತ್ತುತ್ತಿರಲಿಲ್ಲ. ಉತ್ತು ಮುಗಿಸಿ, ಆಕೆಯ ಬಾವಿಯ ನೀರನ್ನೂ ಮುಟ್ಟದೆ ಬರುತ್ತಿದ್ದರು. ಒಮ್ಮೆ ಹೆಂಟೆ ತಗುಲಿ ಕಿವಿಯ ಬಳಿ ರಕ್ತ ಬಂದಿತ್ತು. ಅರಿಶಿನ ಕೊಟ್ಟಾಗ, "ಆಕೆ ಕೈಲಿ ಇನ್ನೂ ಬಲ ಐತೆ, ಸದ್ಯ," ಎಂದರು.

ಅರವತ್ತರ ದಶಕ ಮುಗಿಯುವ ಮುಂಚೆ ಎದೆಯ ಕಾಯಿಲೆ ಅವರನ್ನು ತೆಗೆದುಕೊಂಡುಹೋಯಿತು. ಮಣ್ಣಿಗೆ ಊರಿನವರು ಹೆಚ್ಚು ಬರಲಿಲ್ಲ. ಮುದುಕಿ ಬಂದಳು. ದೂರ ನಿಂತು ಗುಂಡಿ ಮುಚ್ಚುವುದನ್ನು ನೋಡಿದಳು. ಎಲ್ಲ ಮುಗಿದ ಮೇಲೆ ಯಾರಿಗೆಂದಿಲ್ಲದೆ ಕೇಳಿದಳು: "ಇನ್ ನನ್ ಹೊಲ ಯಾರ್ ಉಳ್ತಾರೆ?"

ನಮ್ಮೆಜಮಾನರು ದನಿ ಬಂದ ಕಡೆ ತಿರುಗಿದರು. "ಸೀಸೆ ತಂದ್ಕೊಟ್ಟೋನು ನಾನು ಕಣವ್ವ. ಅಣ್ಣ ಅಲ್ಲ. ನಾನೇ ಉಳ್ತೀನಿ."

ಆಕೆ ಹೊರಟುಹೋದಳು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೋದೆವು. ಎತ್ತಿನ ಹಗ್ಗ ಹಿಡಿದು ನಾನು ಮುಂದೆ ನಡೆದೆ, ನೇಗಿಲು ಅದುಮಿಕೊಂಡು ಅವರು ಹಿಂದೆ. ಸಾಲು ಸೊಟ್ಟಗಾಯಿತು. ಮುದುಕಿ ಬದುವಿನ ಮೇಲೆ ನಿಂತಿದ್ದಳು. ಬೇಡ ಅನ್ನಲಿಲ್ಲ.