ಖಣಿಯೊಳಗಿನ ಕೂಗು

ನಾನು ಸಣ್ಣವಳಿದ್ದಾಗ ಮೋರಖಂಡಿಯಲ್ಲಿ ಮೋಡ ಕವಿದ ಮಧ್ಯಾಹ್ನಗಳಿಗೆ ಬೇರೆಯದೇ ಒಂದು ಮೌನವಿತ್ತು. ದೊಡ್ಡವರೆಲ್ಲ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದರೆ, ಓಣಿಯಲ್ಲಿ ಹಸಿ ಮಣ್ಣಿನ ವಾಸನೆ ಮತ್ತು ನಮ್ಮ ಕುಂಟಾಬಿಲ್ಲೆಯ ಸದ್ದು ಮಾತ್ರ. ಅಂಥದೊಂದು ಮಧ್ಯಾಹ್ನ ಊರಾಚೆಯ ಹಳೆಯ ಕಲ್ಲಿನ ಖಣಿಯಿಂದ ಕೂಗು ಕೇಳಿತು. ಯಾರೋ ಹೆಂಗಸು ಅತ್ತ ಹಾಗಿತ್ತು.

ಆ ಖಣಿಯ ಕಡೆ ಯಾರೂ ಹೋಗುತ್ತಿರಲಿಲ್ಲ. ಕೆಂಪು ಕಲ್ಲು ಕೊಯ್ದು ಬಿಟ್ಟ ಆಳದ ಗುಂಡಿ ಅದು. ಕೂಗಿದ ದನಿಯನ್ನು ನುಂಗಿಟ್ಟುಕೊಂಡು ತನಗೆ ಬೇಕಾದಾಗ ಹೊರಗೆ ಬಿಡುತ್ತದೆ ಎಂದು ಊರವರು ನಂಬಿದ್ದರು. ಕೂಲಿಯಿಂದ ಬಂದ ಅವ್ವ ಮಾತ್ರ ಕಿವಿಗೊಟ್ಟು ನಿಂತು, "ದೆವ್ವಲ್ಲ, ಎಮ್ಮಿ ಅದ," ಎಂದು ಹಗ್ಗ ಹೆಗಲಿಗೆ ಹಾಕಿಕೊಂಡಳು.

ಎಮ್ಮೆ ಕತ್ತಿನವರೆಗೆ ರಾಡಿಯಲ್ಲಿ ಹೂತಿತ್ತು. ಅವ್ವ ಇಳಿದದ್ದು ನೋಡಿ ಗಂಡಸರೂ ಇಳಿದರು. ಜೋಳದ ಕಣಿಕೆ ಹಾಸಿ, ಹೊಟ್ಟೆಯಡಿ ಹಗ್ಗ ಹಾಕಿ, ಹೊತ್ತು ಮುಳುಗುವುದರೊಳಗೆ ಮೇಲಕ್ಕೆಳೆದರು. ಮೈತುಂಬ ರಾಡಿ ಮೆತ್ತಿಕೊಂಡು ನಡುಗುತ್ತಿದ್ದ ಅದನ್ನು ನಮ್ಮ ಮನೆ ಮುಂದಿನ ಬೇವಿಗೆ ಕಟ್ಟಿದರು.

ನಾವು ರೊಟ್ಟಿ, ಪುಂಡಿಪಲ್ಯ ಉಣ್ಣಲು ಕೂತಾಗ ಖಣಿಯಿಂದ ಮತ್ತೆ ಕೂಗು ಬಂತು.

ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟೆ. "ಎಮ್ಮಿ ಇಲ್ಲೇ ಅದ. ಅಲ್ಲಿ ಯಾರು ಒದರಾಕತ್ತಾರ?"

"ಮಧ್ಯಾಹ್ನದ ದನಿ ಖಣಿ ಈಗ ಬಿಡಾಕತ್ತದ. ಸುಮ್ಮ ಉಣ್ಣು," ಎಂದಳು ಅಜ್ಜಿ.

ಹಗಲು ಹೆದರದ ಅವ್ವನೂ ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿದಳು.

ಬೆಳಗಾದರೆ ಬಾಗಿಲಲ್ಲಿ ಜಗಳ. ಆಚೆ ಹಳ್ಳಿಗಳ ಬಾಬುರಾವ ಮತ್ತು ಶರಣಪ್ಪ ಇಬ್ಬರೂ ಎಮ್ಮೆ ಕಳೆದುಕೊಂಡವರಂತೆ.

"ಕೊಂಬ ನೋಡ್ರಿ, ಒಳಗ ಬಾಗ್ಯಾವ. ನಮ್ಮ ಮನ್ಯಾಗ ಹುಟ್ಟಿದ್ದದು!" ಬಾಬುರಾವ ಹಗ್ಗ ಹಿಡಿದ.

"ನಿಮ್ದು ಹ್ಯಾಂಗ ಆಗ್ತದ್ರಿ? ಹಣಿ ಮ್ಯಾಲಿನ ಬಿಳಿ ಮಚ್ಚಿ ನಮ್ದರ ಗುರ್ತು!" ಶರಣಪ್ಪ ಅದೇ ಹಗ್ಗ ಜಗ್ಗಿದ.

ನಡುನಡುವೆ ಖಣಿ ಕೂಗುತ್ತಿತ್ತು. ಪ್ರತಿ ಸಲವೂ ಇಬ್ಬರೂ ಮಾತು ನಿಲ್ಲಿಸಿ ಆ ಕಡೆ ನೋಡುವರು, ಮತ್ತೆ ಇನ್ನೂ ಜೋರಾಗಿ ಜಗಳಾಡುವರು. ಕೂಗು ತೆಳುವಾಗುತ್ತ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಎಮ್ಮೆ ಮಾತ್ರ ಅತ್ತಲೇ ಎಳೆಯುತ್ತಿತ್ತು.

ಗುರುತು ಸರಿಯಾಗಿ ಕಾಣಲೆಂದು ಅವ್ವ ಎಮ್ಮೆಯ ರಾಡಿ ತೊಳೆಯತೊಡಗಿದಳು. ಹೊಟ್ಟೆಯ ಕಡೆ ಕೈ ಹೋದದ್ದೇ ತಂಬಿಗೆ ಕೆಳಗೆ ಬಿತ್ತು. ಬಿಗಿದ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಅಯ್ಯ! ಕರು ಅಲ್ಲೇ ಅದ!"

ಅವ್ವನ ಹಿಂದೆ ನಾನೂ ಓಡಿದೆ. ನಾವು ತಲುಪುವಷ್ಟರಲ್ಲಿ ಖಣಿ ಸುಮ್ಮನಾಗಿತ್ತು. ರಾಡಿಯ ಆಚೆ ಬದಿಗೆ, ಹಿಂದಿನ ದಿನ ಇಳಿದವರ ಕಣ್ಣಿಗೂ ಬೀಳದ ಕಲ್ಲಿನ ಪೊಟರೆಯಲ್ಲಿ ಕರು ಕತ್ತು ಚಾಚಿ ಮಲಗಿತ್ತು. ಅವ್ವ ಮುಟ್ಟಿ ನೋಡಿ, "ಇನ್ನೂ ಬೆಚ್ಚಗದ," ಎಂದಳು. ಉಸಿರಿರಲಿಲ್ಲ.

ತಿರುಗಿ ಬಂದು ಇಬ್ಬರ ಎದುರು ನಿಂತಳು. "ಕೊಂಬ ಹೇಳಿದ್ರಿ, ಮಚ್ಚಿ ಹೇಳಿದ್ರಿ. ಕರು ಅದ ಅಂತ ಒಬ್ಬರೂ ಹೇಳಲಿಲ್ಲಲ್ರಿ."

ಅವರು ತಲೆ ತಗ್ಗಿಸಿ ಹೊರಟುಹೋದರು.

ಮಧ್ಯಾಹ್ನ ರಾಜೇಶ್ವರದಿಂದ ಮುದುಕಿಯೊಬ್ಬಳು ನಡೆದು ಬಂದಳು. ಎಮ್ಮೆಯ ಮೈದಡವಿ, ಸುತ್ತ ನೋಡಿ, "ಕರು ಎಲ್ಲಿ ಅದವ್ವ?" ಎಂದಳು.

ಯಾರೂ ಸಾಕ್ಷಿ ಕೇಳಲಿಲ್ಲ. ಅವ್ವ ಅವಳ ಕೈ ಹಿಡಿದುಕೊಂಡಳು.

ಮುದುಕಿಯ ಜೊತೆ ಹೊರಟ ಎಮ್ಮೆ ಖಣಿಯ ಹತ್ತಿರ ನಿಂತು ಒಮ್ಮೆ ಒದರಿತು. ಖಣಿ ಅದೇ ದನಿಯನ್ನು ತಿರುಗಿ ಕೊಟ್ಟಿತು. ಎಮ್ಮೆ ಕಿವಿ ನಿಮಿರಿಸಿ ಅತ್ತ ನುಗ್ಗಿತು. ಮುದುಕಿ ಅಳುತ್ತ ಹಗ್ಗ ಜಗ್ಗಿದಳು.

ಈಗ ಖಣಿಯನ್ನು ಮುಚ್ಚಿ ಪ್ಲಾಟು ಮಾಡಿದ್ದಾರೆ. ಅವ್ವನೂ ಇಲ್ಲ. ನಾನಿರುವ ಮಾಣಿಕನಗರದಲ್ಲಿ ದಿನವಿಡೀ ಆಟೋಗಳ ಸದ್ದು. ಎಲ್ಲೋ ಒಂದು ಜೀವ ಒದರಿದರೆ ಯಾರೂ ಕಿವಿಗೊಡುವುದಿಲ್ಲ. ಹೆದರುವುದೂ ಇಲ್ಲ.