ಅಕ್ಕೋರ ಕೋಳಿ ಪಾಕೀಟು

ಕೇಶ್ವಾಪುರದ ಸೂಪರ್‌ಮಾರ್ಕೆಟ್ಟಿನಲ್ಲಿ ಮೊನ್ನೆ, ಪನೀರಿನ ಪಕ್ಕದಲ್ಲೇ ಜೋಡಿಸಿಟ್ಟಿದ್ದ ಕೋಳಿಮಾಂಸದ ಪಾಕೀಟೊಂದನ್ನು ಕೈಗೆತ್ತಿಕೊಂಡೆ. ಫ್ರಿಜ್ಜಿನಲ್ಲೇ ಇಡಬೇಕೆಂಬ ಸೂಚನೆಯನ್ನು ಓದುತ್ತಿದ್ದಂತೆ, ನವನಗರದ ಬಾಡಿಗೆ ಮನೆಯಲ್ಲಿ ನನ್ನ ಕೆಳಗಿನ ಕೋಣೆಯಲ್ಲಿದ್ದ ಅಕ್ಕೋರು ನೆನಪಾದರು. ಅವರು ಆಸ್ಪತ್ರೆ ಸೇರಿದ್ದು ಮೇ ತಿಂಗಳಲ್ಲೆಂದು ನಂಬಿದ್ದೆ. ಹಳೆಯ ಬಾಡಿಗೆ ಕರಾರನ್ನು ತೆಗೆದು ನೋಡಿದರೆ, ಮೇ ಹೊತ್ತಿಗೆ ನಾನೇ ಆ ಮನೆ ಬಿಟ್ಟಿದ್ದೆ. ಏಪ್ರಿಲ್ ಇರಬೇಕು...

ಅಕ್ಕೋರು ಪ್ರಾಥಮಿಕ ಶಾಲೆಯ ಶಿಕ್ಷಕಿ, ಒಂಟಿ. ಮನೆಯ ಮಾಲೀಕರು ಮಾಂಸ ಮುಟ್ಟದವರು, ತಿನ್ನುವವರಿಗೆ ಮನೆ ಕೊಡದವರು. ನಿಜ ಹೇಳಿ ಕೇಳಿದ ಕಡೆಗಳಲ್ಲೆಲ್ಲ ಇಲ್ಲವೆನಿಸಿಕೊಂಡು ಬಂದಿದ್ದ ಅಕ್ಕೋರು, ಇಲ್ಲಿ ಸುಳ್ಳು ಹೇಳಿ ಕೋಣೆ ಹಿಡಿದಿದ್ದರು. ಭಾನುವಾರ ಮಾಲೀಕರು ಧಾರವಾಡದ ಮಗಳ ಮನೆಗೆ ಹೋದಾಗ ಮಾತ್ರ, ಊದಿನಕಡ್ಡಿಯ ಹೊಗೆಯ ಮರೆಯಲ್ಲಿ ಕೋಳಿ ಬೇಯುತ್ತಿತ್ತು.

“ಬೆಂಗೇರಿಯೊಳಗ ಕಣ್ಣೆದುರಿಗೇ ಕೊಯ್ದು ಕೊಡ್ತಾರಲ್ರಿ,” ಎಂದಿದ್ದೆ ಒಮ್ಮೆ.

“ಅಲ್ಲಿ ತಾಜಾ ಕೋಳಿ ಸಿಗತೈತ್ರಿ ಸರ್. ಆದ್ರ ನಾ ನಿಂತಿದ್ದನ್ನ ಯಾರರ ನೋಡಿದ್ರಂದ್ರ, ಇರಾಕ ಮನಿ ಸಿಗಂಗಿಲ್ಲ,” ಎಂದು ನಕ್ಕಿದ್ದರು.

ಹಾಗಾಗಿ ಶನಿವಾರ ಶಾಲೆಯಿಂದ ಬರುವಾಗಲೇ ದಿನಸಿಯ ಚೀಲದಲ್ಲಿ ಪಾಕೀಟು ಬರುತ್ತಿತ್ತು. ಅವರಿಗೆ ಸ್ವಂತ ಫ್ರಿಜ್ ಇರಲಿಲ್ಲ. ಹಾಲು, ಮೊಸರು ಇಟ್ಟುಕೊಳ್ಳಲೆಂದು ಮನೆಯೊಡತಿ ತಮ್ಮ ಫ್ರಿಜ್ಜಿನಲ್ಲಿ ಅಕ್ಕರೆಯಿಂದ ಜಾಗ ಬಿಟ್ಟುಕೊಟ್ಟಿದ್ದರು, ಕೋಳಿಯನ್ನು ಅಲ್ಲಿಡುವುದುಂಟೇ? ಅದು ಒದ್ದೆ ಬಟ್ಟೆ ಸುತ್ತಿಕೊಂಡು ಮಂಚದ ಕೆಳಗಿನ ಬಕೆಟ್ಟಿನಲ್ಲಿ ರಾತ್ರಿ ಕಳೆಯುತ್ತಿತ್ತು. ಚಳಿಗಾಲದಲ್ಲಿ ನಡೆದದ್ದು ಏಪ್ರಿಲ್‌ನಲ್ಲಿ ನಡೆಯಲಿಲ್ಲ.

ಆ ಭಾನುವಾರ ರಾತ್ರಿ ವಾಂತಿಭೇದಿಯಿಂದ ನೆಲ ಹಿಡಿದ ಅಕ್ಕೋರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದು, ಅವರ ತಲೆ ಹಿಡಿದು ಕುಳಿತವರು ಧಾರವಾಡದಿಂದ ಮರಳಿದ್ದ ಅದೇ ಮನೆಯೊಡತಿ. ಏನು ತಿಂದಿರೆಂದು ವೈದ್ಯರು ಕೇಳಿದರು. ಅಕ್ಕೋರು ಆಕೆಯ ಮುಖ ನೋಡಿ, ಪಾನಿಪುರಿ ಎಂದರು.

“ನಾ ಹೇಳಿದ್ದಿಲ್ಲೇನ್ರಿ ಅಕ್ಕೋರ, ಆ ಮೂಲಿ ಗಾಡಿ ಹೊಲಸೈತಿ ಅಂತ!” ಮನೆಯೊಡತಿಯ ಸಿಟ್ಟು ಓಣಿಗೆಲ್ಲ ಹಬ್ಬಿತು. ಓಣಿಯವರೇ ಸೇರಿ ಗಾಡಿ ಎಬ್ಬಿಸಿದರು. ಗಾಡಿಯವನು ಗೇಟಿನ ಬಳಿ ಬಂದು, “ಅಕ್ಕೋರ, ನೀವು ನನ್ನ ಗಾಡಿಗೆ ಯಾವಾಗ ಬಂದಿದ್ರಿ? ಹೊರಗ ಬಂದು ಒಂದ ಮಾತು ಹೇಳ್ರಿ,” ಎಂದು ಕೂಗುತ್ತಿದ್ದುದನ್ನು ಮಹಡಿಯಿಂದ ಕಂಡೆ. ಕೆಳಗಿನ ಬಾಗಿಲು ತೆರೆಯಲಿಲ್ಲ.

ಪಾನಿಪುರಿಯ ಮಾತು ಸುಳ್ಳೆಂದು ಅಕ್ಕೋರು ನನಗೆ ತಿಳಿಸಿದ್ದು ನಾನು ಮನೆ ಬಿಡುವ ದಿನ. “ಖರೇ ಹೇಳಿದ್ರ ಎಲ್ಲಿ ಹೋಗ್ಲಿರಿ ಸರ್?” ಅಕ್ಕೋರು ಈಗ ಬದುಕಿಲ್ಲ.

ನಿನ್ನೆ ಗ್ರಂಥಾಲಯದಲ್ಲಿ ಆ ತಿಂಗಳ ಪತ್ರಿಕೆಗಳನ್ನು ತೆಗೆಸಿ ನೋಡಿದೆ. ಒಳಪುಟದಲ್ಲಿ ಸಣ್ಣ ಸುದ್ದಿಯೊಂದಿದೆ: ಪಾನಿಪುರಿ ತಿಂದು ಶಿಕ್ಷಕಿ ಅಸ್ವಸ್ಥರಾದರಂತೆ. ಕೋಳಿಯ ಮಾತೇ ಇಲ್ಲ. ಗಾಡಿಯವನ ಹೆಸರು ಮಾತ್ರ, ತಂದೆಯ ಹೆಸರಿನ ಸಮೇತ, ಪೂರ್ತಿಯಾಗಿ ಅಚ್ಚಾಗಿದೆ.