ಕಳ್ಳನಿಗೆ ಎಡಗಾಲಿನ ಚಪ್ಪಲಿ

ಬದ್ರುನ್ನೀಸಾಳ ಬಳಿ ಇರುವುದು ಒಂದೇ ಸಿನಿಮಾ. ಮಕ್ಕಳ ಪತ್ತೇದಾರಿ ಕಥೆಯೊಂದನ್ನು ಬಹಳ ಹಿಂದೆ ಇಂಗ್ಲೆಂಡಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರ. ಹ್ಯಾಟು ಹಾಕಿದ ಒಬ್ಬ ಕಳ್ಳ, ಅವನ ಬೆನ್ನು ಬಿಡದ ಊರ ಮಕ್ಕಳು, ಅಷ್ಟೇ. ಅಪ್ಪ ಸನಾವುಲ್ಲಾ ಶಿವಾಜಿನಗರದಲ್ಲಿ ಗುಜರಿ ಅಂಗಡಿ ಇಟ್ಟಿದ್ದವರು. ಯಾರೋ ತೂಕಕ್ಕೆ ಹಾಕಿಹೋದ ರೀಲುಗಳನ್ನೂ ಪ್ರೊಜೆಕ್ಟರನ್ನೂ ಮಾರಲು ಮನಸ್ಸಾಗದೆ ಮನೆಗೆ ತಂದರು. ರಂಜಾನ್ ಹಬ್ಬದ ಮರುದಿನ ಗಲ್ಲಿಗೆ ಅಡ್ಡಲಾಗಿ ಬೆಡ್‌ಶೀಟ್ ಕಟ್ಟಿ ತೋರಿಸುತ್ತಿದ್ದರು. ಹೆಣ್ಣುಮಗಳು ಮಷಿನ್ ಮುಟ್ಟುವುದೇ ಎಂದು ಹಿರಿಯರು ಮೂಗು ಮುರಿದಾಗ, ಬೇಕೆಂದೇ ಮಗಳ ಕೈಗೆ ರೀಲು ಕೊಟ್ಟರು. ಅಂದಿನಿಂದ ಅವಳು ಯಾರ ಮೂಗನ್ನೂ ಲೆಕ್ಕಕ್ಕಿಟ್ಟವಳಲ್ಲ.

ಗಲ್ಲಿಯಲ್ಲಿ ಯಾರಿಗೂ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಬೆಡ್‌ಶೀಟಿನ ಮೇಲೆ ಕಳ್ಳ ಬಂದೊಡನೆ ನೋಡುವ ಮಕ್ಕಳು ಬೊಬ್ಬೆ ಹೊಡೆದು ಎಡಗಾಲಿನ ಚಪ್ಪಲಿಯನ್ನು ಅವನತ್ತ ಬೀಸಿ ಎಸೆಯಬೇಕು. ಸನಾವುಲ್ಲಾರ ಕಾಯಿದೆ ಅದು. ಅವನು ಬಂದು ನಿಲ್ಲುವ ಬಲಗಡೆ ಬೆಡ್‌ಶೀಟಿಗೆ ತೇಪೆಯ ಮೇಲೆ ತೇಪೆ ಬಿದ್ದಿತ್ತು.

ಅಪ್ಪ ತೀರಿಕೊಂಡರು. ಗಲ್ಲಿಯ ತುಂಬ ಸ್ಕೂಟರುಗಳಾದವು. ಪ್ರೊಜೆಕ್ಟರ್ ಅಟ್ಟ ಸೇರಿತು. ಹಾಗಿರುವಾಗ ಜೀವನ್ ಬಿಮಾ ನಗರದ ಸಿನಿಮಾ ಸಂಘದ ಸುನಿಲ್ ಹುಡುಕಿಕೊಂಡು ಬಂದು, ನಮ್ಮ ಹಾಲ್‌ನಲ್ಲಿ ತೋರಿಸಿ, ಚೆನ್ನಾಗಿ ನಡೆದರೆ ಪ್ರತಿವರ್ಷ ಕರೆಯುತ್ತೇವೆ ಎಂದ. ಅರವತ್ತು ದಾಟಿದ ಹೆಂಗಸು ಹಿಗ್ಗಿ ಹೀರೇಕಾಯಿಯಾದಳು. ಕರೆಯುವವರು ಇವರೊಬ್ಬರೇ, ಇವರೂ ಕೈಬಿಟ್ಟರೆ ಮಷಿನ್ ಮತ್ತೆ ಅಟ್ಟಕ್ಕೆ.

"ಒಂದೇ ರಿಕ್ವೆಸ್ಟ್ ಮೇಡಂ," ಎಂದ ಸುನಿಲ್. "ಒಳ್ಳೆ ಸ್ಕ್ರೀನ್ ಇದೆ, ಬೆಡ್‌ಶೀಟ್ ಬೇಡ. ಆ ಚಪ್ಪಲಿ ಗಿಪ್ಪಲಿ ಬೇಡ. ಮಕ್ಳು ಸುಮ್ನೆ ಕೂತ್ಕೊಂಡು ನೋಡ್ಲಿ."

ಹೂಂ ಎಂದಳು. ಬೆಡ್‌ಶೀಟನ್ನು ಮಾತ್ರ ಚೀಲದಲ್ಲಿಟ್ಟುಕೊಂಡಳು.

ಭಾನುವಾರ ಹಾಲ್ ತುಂಬಿತ್ತು. ಚಪ್ಪಲಿಗಳು ಬಾಗಿಲಲ್ಲಿ, ಮಕ್ಕಳು ಕೈಕಟ್ಟಿ ಕುರ್ಚಿಗಳಲ್ಲಿ. ಕಳ್ಳ ಬಂದ, ಬಲಗಡೆ ನಿಂತ. ಒಂದು ಕೆಮ್ಮೂ ಇಲ್ಲ. ಅವನು ಇಷ್ಟು ಸಲೀಸಾಗಿ ದಾಟಿಹೋದದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮಷಿನ್ ನಿಲ್ಲಿಸಿಬಿಟ್ಟಳು.

"ಏನಾಯ್ತು ಮೇಡಂ?" ಎಂದು ಸುನಿಲ್ ಓಡಿಬಂದ.

"ಸುಮ್ನೆ ಕೂತಿರೋ ಮಕ್ಳು ಕಳ್ಳನ್ನ ಹೆಂಗ್ ಹಿಡೀತಾರೆ, ಹೇಳ್ರೀ?"

"ಪ್ಲೀಸ್, ಮಷಿನ್ ಓಡ್ಸಿ. ಇಲ್ಲಾಂದ್ರೆ ಮುಂದಿನ್ ವರ್ಷ ಕಷ್ಟ ಆಗುತ್ತೆ."

ಅಟ್ಟ ಅವಳ ಕಣ್ಣಮುಂದೆ ಬಂತು.

"ಕರೀಬೇಡಿ, ಹೋಗ್ಲಿ," ಎಂದು ಬೆಡ್‌ಶೀಟ್ ತೆಗೆದು ಸ್ಕ್ರೀನಿನ ಮೇಲೆ ತಾನೇ ಕಟ್ಟಿದಳು. ರೀಲನ್ನು ಹಿಂದಕ್ಕೆ ಸುತ್ತಿದಳು. ಮಕ್ಕಳತ್ತ ತಿರುಗಿದಳು. "ಬಾಗ್ಲಿಗೆ ಹೋಗಿ ಚಪ್ಪಲಿ ತಗೊಂಬನ್ನಿ. ಎಡಗಾಲಿಂದು ಮಾತ್ರ."

ಯಾರೂ ಅಲುಗಲಿಲ್ಲ. ಮುಂದಿನ ಸಾಲಿನ ಶಿವಾನಿ ಎಂಬ ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಬೇಡವೆಂದು ತಲೆಯಾಡಿಸಿದಳು. ಹುಡುಗಿ ಎದ್ದು ಬಾಗಿಲಿಗೆ ಹೋದಳು. ಅವಳ ಹಿಂದೆ ಇಡೀ ಸಾಲು ಎದ್ದಿತು. ಆಮೇಲೆ ಆ ಹಾಲ್‌ನಲ್ಲಿ ಎದ್ದ ಬೊಬ್ಬೆಗೆ ಸುನಿಲ್ ಕಿವಿ ಮುಚ್ಚಿಕೊಂಡ. ಕೊನೆಗೆ ಚಪ್ಪಲಿ ಆಯ್ದುಕೊಳ್ಳುತ್ತಿದ್ದ ಮಕ್ಕಳಿಗೆ ಅವಳು, "ರಂಜಾನ್ ಹಬ್ಬದ ಮರುದಿನ ಶಿವಾಜಿನಗರದ ನಮ್ ಗಲ್ಲಿಗೆ ಬನ್ನಿ," ಎಂದಳು.

ಸಂಘದಿಂದ ಮತ್ತೆ ಕರೆ ಬರಲಿಲ್ಲ. ಬದ್ರುನ್ನೀಸಾ ಮಷಿನನ್ನು ಅಟ್ಟಕ್ಕೂ ಹಾಕಲಿಲ್ಲ. ರಂಜಾನ್ ಹಬ್ಬದ ಮರುದಿನ ಮನೆಮನೆಯ ಬಾಗಿಲು ಬಡಿದು, ಬೈಸಿಕೊಂಡು, ತಿರುಗಿ ಬೈದು, ಸ್ಕೂಟರುಗಳನ್ನೆಲ್ಲ ತೆಗೆಸಿದಳು. ಹೊಸ ತೇಪೆಯ ಬೆಡ್‌ಶೀಟ್ ಗಲ್ಲಿಗೆ ಅಡ್ಡಲಾಗಿ ಏರಿತು. ಅಷ್ಟರಲ್ಲಿ ತಿರುವಿನಲ್ಲಿ ಒಂದು ಆಟೋ ನಿಂತಿತು. ತಾಯಿಯ ಜೊತೆ ಇಳಿದ ಶಿವಾನಿ ಎಡಗಾಲಿನ ಚಪ್ಪಲಿಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು.